ಮ್ಯಾನೇಜರ್ ಡ್ಯಾನ್ಸ್, ಪಾರ್ಟ್ ಟೂ

ಫೆಬ್ರವರಿ 9

ಅಕ್ಕಾ,

ಫೋನಲ್ಲಿ ಬ್ಲಾಕ್ ಮಾಡಿಬಿಟ್ರೆ ಈ ತಂಗಿ ಸುಮ್ಮನಾಗ್ತಾಳೆ ಅಂತ ನೀನು ಅಂದ್ಕೊಂಡಿದ್ರೆ ಆ ಆಸೆ ಬಿಟ್ಬಿಡು. ನಿನ್ನ ಚಳಿ ಕೋಟನ್ನ ಪಕ್ಕದಂಗಡಿ ಟೈಲರಣ್ಣನ ಕೈಲಿ ತರಿಸಿಕೊಂಡೆಯಲ್ಲ, ಅಂದ್ರೆ ವಿಳಾಸ ಅವನ ಹತ್ರ ಇರ್ಲೇಬೇಕು ಅಂತ ನಂಗೆ ಹೊಳೀತು. ಹೋಗಿ ಅವನ ಮೆಷಿನ್ ಮುಂದೆ ಕೂತೆ. ‘ನಿಮ್ಮಪ್ಪನಿಗೆ ಗೊತ್ತಾದ್ರೆ ನನ್ನ ಸೂಜೀಲೇ ನನ್ನ ಬಾಯಿ ಹೊಲೀತಾರೆ ಕಣೇ’ ಅಂದ. ನಾನು ಏಳ್ಲಿಲ್ಲ. ಕೊನೆಗೆ ಪ್ಯಾಂಟಿನ ಅಳತೆ ಚೀಟಿ ಹಿಂದೆ ಬರ್ಕೊಟ್ಟ.

ಕಾಗದದಲ್ಲಿ ಒಂದೇ ತೊಂದರೆ. ನೀನು ಓದಿದೆಯೋ ಇಲ್ವೋ ಅಂತ ತೋರಿಸೋ ಎರಡು ನೀಲಿ ಗೀಟು ಬರಲ್ಲ. ಒಂದು ಅನುಕೂಲಾನೂ ಇದೆ, ಕಾಗದಾನ ಬ್ಲಾಕ್ ಮಾಡೋಕಾಗಲ್ಲ. ಹರಿದು ಬಿಸಾಕಬಹುದು. ಆದ್ರೆ ನೀನು ಹರಿಯಲ್ಲ, ನಂಗೊತ್ತು.

ಆವತ್ತು ನೀನು ಹೇಳಿದ್ದು ಸರೀನೇ ಇತ್ತು. ನಮ್ಮ ಲಾಂಡ್ರಿಗೆ ಬಂದ ಆ ಗಿರಾಕಿ ಕೋಟಿನ ತೋಳು ಸುಟ್ಟಿದ್ದು ಅಪ್ಪನೇ. ಇಸ್ತ್ರಿಪೆಟ್ಟಿಗೆ ಅದರ ಮೇಲೇ ಇಟ್ಟು ಬಾಯ್ಲರ್ ನೋಡೋಕೆ ಹೋಗಿದ್ರು, ಆಮೇಲೆ ಹುಳ ತಿಂದಿದೆ ಅಂತ ಸುಳ್ಳು ಹೇಳಿದ್ರು. ಆದ್ರೆ ಅಕ್ಕಾ, ಗಿರಾಕಿ ಎದುರಿಗೆ ನಿಂತು, ‘ಹುಳ ತಿಂದಿಲ್ಲ ಸಾರ್, ನಮ್ಮಪ್ಪ ಸುಟ್ಟಿದ್ದು’ ಅನ್ನೋದಾ? ನನ್ನ ಕೈಲಿದ್ದ ಹ್ಯಾಂಗರ್‌ಗಳೆಲ್ಲ ನೆಲಕ್ಕೆ ಬಿದ್ವು. ‘ನನ್ನ ಮರ್ಯಾದೆ ತೆಗೆಯೋರಿಗೆ ನನ್ನ ಅಂಗಡೀಲಿ ಕೆಲಸ ಇಲ್ಲ’ ಅಂತ ಅಪ್ಪ ಅಂದಿದ್ದೂ ಸರಿಯಲ್ಲ. ಅದಕ್ಕೆ ನೀನು ಸಂಜೆಯೊಳಗೆ ಬ್ಯಾಗ್ ಕಟ್ಟಿ ಬೇರೆ ಊರಿನ ಆಸ್ಪತ್ರೆ ಲಾಂಡ್ರಿ ಸೇರಿಕೊಂಡು, ನನ್ನನ್ನೂ ಸೇರಿಸಿ ಎಲ್ಲರನ್ನೂ ಬ್ಲಾಕ್ ಮಾಡಿದ್ದು ಅದಕ್ಕಿಂತ ಸರಿಯಲ್ಲ. ನಾನೇನು ಮಾಡಿದ್ದೆ?

ಹೋಗ್ಲಿ. ಖುಷಿ ಸುದ್ದಿ ಕೇಳು. ನಮ್ಮ ಮ್ಯಾನೇಜರ್ ಈಗ ಸ್ಟಾರ್! ನೀನು ಕರ್ಟನ್ ಗಂಟಿನೊಳಗಿಂದ ಎತ್ತಿ ತಂದಾಗ ಅಂಗೈಯಷ್ಟಿದ್ದ ಬೆಕ್ಕಿನ ಮರಿ ಈಗ ಕೌಂಟರ್ ಅರ್ಧ ತುಂಬ್ತಾನೆ. ಗಿರಾಕಿಗಳು ರಸೀದಿ ಕೇಳೋಕೆ ಮುಂಚೆ ಅವನ ತಲೆ ಸವರ್ತಾರೆ. ಅವನ ಹೆಸರಲ್ಲಿ ಒಂದು ಪೇಜ್ ಶುರು ಮಾಡಿದೀನಿ, ‘ಮ್ಯಾನೇಜರ್ ಅಭಿಮಾನಿ ಬಳಗ’. ಸ್ಥಾಪಕಿ ನಾನೇ, ಅಡ್ಮಿನ್ ನಾನೇ, ಮೊದಲನೇ ಅಭಿಮಾನೀನೂ ನಾನೇ. ನೀನು ನೋಡ್ಬೇಕಿತ್ತು.

ಇಂತಿ ನಿನ್ನ (ನೀನು ಬೇಡ ಅಂದ್ರೂ) ತಂಗಿ,
ಪಟಾಕಿ


ಫೆಬ್ರವರಿ 20

ಪಟಾಕಿ,

ಕಾಗದ ಬಂತು. ಹರಿದಿಲ್ಲ.

ಇಲ್ಲಿ ಕೆಲಸ ಪರವಾಗಿಲ್ಲ. ದೊಡ್ಡ ದೊಡ್ಡ ಮೆಷಿನ್, ಬರೀ ಹಾಸಿಗೆ ಬಟ್ಟೆ, ಡಾಕ್ಟರ್‌ಗಳ ಕೋಟು. ಯಾರ ಬಟ್ಟೆ ಅಂತ ಮುಖ ಗೊತ್ತಾಗಲ್ಲ. ಅದೇ ಒಂಥರಾ ಆರಾಮ.

ಮ್ಯಾನೇಜರ್ ನೀರು ಕುಡೀತಿದ್ದಾನಾ? ಅವನು ಬಟ್ಟಲ ನೀರು ಮೂಸಿಯೂ ನೋಡಲ್ಲ. ಬೆಳಿಗ್ಗೆ ಸಂಜೆ ನಾನು ಹಿಂದಿನ ತೊಟ್ಟಿಯ ನಲ್ಲಿ ಸಣ್ಣಗೆ ಬಿಡ್ತಿದ್ದೆ, ಅದನ್ನ ಮಾತ್ರ ಕುಡೀತಿದ್ದ. ಈಗ ಯಾರು ಬಿಡ್ತೀರಿ?

ಅಪ್ಪನ ವಿಷಯ ಬರೀಬೇಡ. ಬೆಕ್ಕಿನ ವಿಷಯ ಬರಿ.

ಅಕ್ಕ


ಫೆಬ್ರವರಿ 27

ಅಕ್ಕಾ ಅಕ್ಕಾ ಅಕ್ಕಾ,

ನೀನು ಉತ್ತರ ಬರೆದೆ! ಟೈಲರಣ್ಣನ ವಿಳಾಸಕ್ಕೆ ಬಂದ ಕಾಗದಾನ ಅವನು ಒಂದು ಬ್ಲೌಸಿನ ಮಡಿಕೆಯೊಳಗೆ ಇಟ್ಟು ಕಳ್ಳಸಾಗಣೆ ಮಾಡಿದ. ನಾನು ಇಸ್ತ್ರಿ ಟೇಬಲ್ ಕೆಳಗೆ ಕೂತು ಓದಿದೆ.

ಬೆಕ್ಕಿನ ವಿಷಯ ತಾನೇ? ತಗೋ. ವೈರಲ್!

ಹೋದ ವಾರ ಮ್ಯಾನೇಜರ್ ಒಂದು ವಿಚಿತ್ರ ಶುರು ಮಾಡಿದ. ಅವನು ಉಚ್ಚೆ ಹೊಯ್ಯೋ ಮರಳಿನ ಟ್ರೇಗೆ ಹೋಗ್ತಾನೆ, ಕೂತ್ಕೋತಾನೆ, ಒಂದು ಸುತ್ತು ತಿರುಗ್ತಾನೆ, ಹೊರಗೆ ಬರ್ತಾನೆ. ಮತ್ತೆ ಹೋಗ್ತಾನೆ. ಆಮೇಲೆ ಒಗೆಯೋ ಟಬ್ಬಲ್ಲಿ ಕೂತ್ಕೋತಾನೆ. ಅಲ್ಲಿಂದ ಎದ್ದು ಹೋಟೆಲಿನವರ ಬಿಳಿ ಹಾಸುಗಳ ಮೇಲೆ. ಅಲ್ಲೂ ಒಂದು ಸುತ್ತು, ಒಂದು ಬೈಠಕ್, ಹಿಂದೆ ತಿರುಗಿ ತನ್ನ ಬುಡ ನೆಕ್ಕಿಕೊಂಡು ಮುಂದಿನ ಜಾಗ. ನಾನು ಅದನ್ನ ಶೂಟ್ ಮಾಡಿ, ಢಂಕಣಕ ಢಂಕಣಕ ಅಂತ ಡೋಲು ಬಡಿತ ಹಾಕಿ, ‘ಮ್ಯಾನೇಜರ್ ಡ್ಯಾನ್ಸ್’ ಅಂತ ಬಿಟ್ಟೆ. ಅಷ್ಟೇ! ಊರಿಗೆ ಊರೇ ನಗ್ತಿದೆ. ಕಣ್ಣೀರು ಬರೋ ಹಾಗೆ ನಗೋ ಮುಖಗಳ ಸಾಲು ಕೆಳಗೆ ಕೆಳಗೆ ಹೋಗ್ತಾನೇ ಇದೆ. ‘ಪಾರ್ಟ್ ಟೂ ಬೇಕು’ ಅಂತ ಎಲ್ಲರೂ ದುಂಬಾಲು ಬಿದ್ದಿದ್ದಾರೆ. ಟೈಲರಣ್ಣ ಕೂಡ ಕೈಲಿ ಕತ್ತರಿ ಹಿಡ್ಕೊಂಡೇ ಆ ಡ್ಯಾನ್ಸ್ ಮಾಡಿ ತೋರಿಸಿದ.

ನೀರು ತಾನೇ, ಕುಡೀತಾನೆ ಇರ್ಬೇಕು. ಬಟ್ಟಲು ತುಂಬಿಸಿ ಇಟ್ಟಿದೀನಿ, ಅದು ಯಾವಾಗ್ಲೂ ತುಂಬೇ ಇರುತ್ತೆ.

ಅಪ್ಪನ ವಿಷಯ ಬರೀಬಾರದು, ಸರಿ. ಇದು ಹಾಸಿನ ವಿಷಯ. ಹೋಟೆಲಿನ ಹಾಸುಗಳ ಮೇಲೆ ತಿಳಿ ಗುಲಾಬಿ ಚುಕ್ಕಿ ಬರ್ತಿವೆ. ಉಗುರಿನಷ್ಟು, ಅಲ್ಲೊಂದು ಇಲ್ಲೊಂದು. ನಿಂಗೊತ್ತಲ್ಲ, ‘ಕಲೆ ತೋರಿಸು, ಆ ಮನುಷ್ಯ ಏನು ತಿಂದ, ಎಲ್ಲಿ ಕೂತ, ಯಾರ ಹತ್ರ ಜಗಳ ಆಡಿದ ಎಲ್ಲಾ ಹೇಳ್ತೀನಿ’ ಅನ್ನೋ ಒಬ್ಬರು ನಮ್ಮನೇಲಿದ್ದಾರೆ. ಅವರು ಕನ್ನಡಕ ಹಣೆಗೇರಿಸಿ ನೋಡಿ, ‘ಕೆಂಪು ಟವೆಲ್ ಬಣ್ಣ ಬಿಟ್ಟಿದೆ’ ಅಂದ್ರು. ಕೆಂಪು ಟವೆಲನ್ನ ಬಿಳಿ ಜೊತೆ ಹಾಕಿದ್ದು ನಾನೇ ಅಂತ ಬೈಗುಳಾನೂ ಬಿತ್ತು. ನಾನು ಹಾಕಿರ್ಲಿಲ್ಲ! ಆಣೆ ಮಾಡಿ ಹೇಳಿದೆ, ನಂಬಲಿಲ್ಲ. ಕಲೆ ಹೇಳಿದ ಮೇಲೆ ಮುಗೀತು, ಅದೇ ತೀರ್ಪು. ಬಣ್ಣ ಬಿಡಿಸೋಕೆ ಬಿಸಿನೀರಿಗೆ ಹಾಕ್ತೀನಿ ಅಂತಿದ್ರು.

ನಾಳೆ ನಾಡಿದ್ದರಲ್ಲಿ ಪಾರ್ಟ್ ಟೂ ಶೂಟಿಂಗ್. ನೀನು ಅಟ್ಲೀಸ್ಟ್ ಯಾರದಾದ್ರೂ ಫೋನಲ್ಲಿ ನೋಡೇ. ನಿನ್ನ ಬೆಕ್ಕು ಕಣೇ ಅದು!

ನಂಬರ್ ಒನ್ ಫ್ಯಾನ್ (ಮ್ಯಾನೇಜರ್‌ದೂ, ನಿಂದೂ),
ಪಟಾಕಿ


ಮಾರ್ಚ್ 5

ಅಕ್ಕಾ,

ತೊಡೆ ಮೇಲೆ ಇಟ್ಕೊಂಡು ಬರೀತಿದೀನಿ, ಅಕ್ಷರ ನೋಡಿ ಬೈಬೇಡ.

ಮ್ಯಾನೇಜರ್ ಆಸ್ಪತ್ರೇಲಿದ್ದಾನೆ. ಬದುಕಿದ್ದಾನೆ. ಅದನ್ನ ಮೊದಲೇ ಹೇಳ್ಬಿಡ್ತೀನಿ. ಆದ್ರೆ ಡಾಕ್ಟರಮ್ಮ ‘ಇವತ್ತು ನಾಳೆ ಕಳೀಲಿ’ ಅಂದಿದ್ದಾರೆ.

ಮೊನ್ನೆ ಪಾರ್ಟ್ ಟೂ ಬಿಟ್ಟೆ. ಬೆಳಿಗ್ಗೆ ಎದ್ದಾಗಿನಿಂದ ಅವನು ಟ್ರೇ, ಟಬ್ಬು, ಹಾಸು ಅಂತ ಓಡಾಡ್ತಾನೇ ಇದ್ದ. ಈ ಸಲ ಮಿಯಾಂವ್ ಅಂತ ಉದ್ದಕ್ಕೆ ರಾಗ ಬೇರೆ ಎಳೀತಿದ್ದ. ನಂಗೆ ಆಹಾ, ಹಾಡೂ ಸಿಕ್ತು ಅನ್ನೋ ಖುಷಿ. ಅದಕ್ಕೆ ಸರಿಯಾಗಿ ತಾಳ ಜೋಡಿಸಿದೆ. ಬಿಟ್ಟು ಸ್ವಲ್ಪ ಹೊತ್ತಿಗೇ ನಗು ಮುಖಗಳು ಶುರು.

ಮಧ್ಯದಲ್ಲಿ ಒಂದೇ ಒಂದು ಕಾಮೆಂಟ್ ಬೇರೆ ಥರ ಇತ್ತು. ಬಿಳಿ ಮೋಡ ಅಂತ ಹೆಸರು, ಫೋಟೋ ಇಲ್ಲ. ‘ಇದು ಡ್ಯಾನ್ಸ್ ಅಲ್ಲ. ಗಂಡು ಬೆಕ್ಕು ಹೀಗೆ ಕೂತು ಕೂತು ಏಳ್ತಿದ್ರೆ ಉಚ್ಚೆ ಕಟ್ಟಿದೆ ಅಂತ. ಹಾಡೋದಲ್ಲ, ನೋವಿಗೆ ಕೂಗ್ತಿರೋದು. ವಿಡಿಯೋ ತೆಗೆಯೋದು ಬಿಟ್ಟು ಈಗಲೇ ಡಾಕ್ಟರ್ ಹತ್ರ ಓಡು.’

ಓಡು ಅಂತೆ! ಏಕವಚನ ಬೇರೆ. ಹೊಟ್ಟೆಕಿಚ್ಚಿನವರು ಎಲ್ಲಾ ಪೇಜಲ್ಲೂ ಬರ್ತಾರೆ ಅಂತ ನಾನು ಕಾಮೆಂಟ್ ಅಳಿಸಿದೆ. ಅವರು ಮತ್ತೆ ಅದನ್ನೇ ಹಾಕಿದ್ರು. ನಾನು ಬ್ಲಾಕ್ ಮಾಡಿದೆ. ಮಾಡಿ, ‘ಹೇಟರ್‌ಗಳಿಗೆ ಬಾಗಿಲು ಆ ಕಡೆ’ ಅಂತ ಒಂದು ಸ್ಟೇಟಸ್ಸೂ ಹಾಕಿದೆ, ಅಕ್ಕಾ. ಹಾಕಿ ನಕ್ಕೆ.

ಅದಾಗಿ ಸ್ವಲ್ಪ ಹೊತ್ತಿಗೆ ಅಂಗಡಿ ಫೋನ್ ರಿಂಗ್ ಆಯ್ತು. ಅಪ್ಪ ಎತ್ತಿದ್ರು. ಹಲೋ ಅಂದವರು ರಿಸೀವರ್ ಕಿವಿಗೊತ್ತಿಕೊಂಡು ಗೋಡೆ ಕಡೆ ತಿರುಗಿದ್ರು. ಅವರ ಟೀ ಕೌಂಟರ್ ಮೇಲೆ ಆರ್ತಾ ಇತ್ತು. ನಾನು ಕಾಲರ್‌ಗೆ ಗಂಜಿ ಹಾಕ್ತಾ ಅರ್ಧಂಬರ್ಧ ಕೇಳಿಸಿಕೊಂಡೆ. ‘ಬಿಸಿನೀರೇ... ಹೂಂ... ಕಂದು. ಕಂದಾಗಿ ಕೂತ್ಬಿಡ್ತು... ಯಾವಾಗಿಂದ ಅಂದ್ರೆ... ನಾನು ನೋಡಿಲ್ಲ.’ ಯಾರೋ ಗಿರಾಕಿ ಹಾಳಾದ ಬಟ್ಟೆಗೆ ಲೆಕ್ಕ ಕೇಳ್ತಿದ್ದಾರೆ ಅಂದ್ಕೊಂಡೆ.

ಫೋನ್ ಇಟ್ಟು ಅಪ್ಪ ಹೋಟೆಲಿನ ಹಾಸು ಎತ್ತಿ ಕಿಟಕಿ ಬೆಳಕಿಗೆ ಹಿಡಿದ್ರು. ಕಲೇನ ಉಗುರಲ್ಲಿ ಕೆರೆದು ನೋಡಿದ್ರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದ್ರು.

‘ಇವತ್ತು ಅವನ ಟ್ರೇ ತೆಗೆದ್ಯಾ?’

‘ತೆಗೆಯೋಕೇನೂ ಇರ್ಲಿಲ್ಲಪ್ಪ. ಮರಳೆಲ್ಲ ಒಣಗೇ ಇತ್ತು.’

‘ಒಣಗೇ ಇತ್ತಾ?’

ನಾನು ನಗ್ತಾ, ‘ನೋಡಿದ್ರಾ, ಎಷ್ಟು ಶಿಸ್ತಿನ ಮ್ಯಾನೇಜರ್’ ಅಂದೆ.

ಅಪ್ಪನ ಮುಖ ನೋಡಿದ ಮೇಲೆ ನನ್ನ ನಗು ಬಾಯಲ್ಲೇ ಒಣಗಿಹೋಯ್ತು. ಇಸ್ತ್ರಿ ಆದ ಶರ್ಟುಗಳಿದ್ದ ಬುಟ್ಟೀನ ಹಾಗೇ ನೆಲಕ್ಕೆ ಮಗುಚಿಬಿಟ್ರು. ಅಪ್ಪ! ಶರ್ಟಿನ ಮೇಲೆ ನೆರಳು ಬಿದ್ರೂ ಬೈಯೋ ಅಪ್ಪ! ಟಬ್ಬಿನ ಹಿಂದೆ ಮುದುರಿಕೊಂಡಿದ್ದ ಮ್ಯಾನೇಜರನ್ನ ಎತ್ತೋಕೆ ಹೊಟ್ಟೆ ಕೆಳಗೆ ಕೈ ಹಾಕಿದ್ರು. ಅವನು ಕಿರುಚಿದ್ದು ಹೇಗಿತ್ತು ಅಂದ್ರೆ ಪಕ್ಕದಂಗಡೀಲಿ ಮೆಷಿನ್ ನಿಂತುಹೋಯ್ತು. ‘ಬಾಯ್ಲರ್ ಆರಿಸು. ಶಟರ್ ಎಳಿ’ ಅಂದ್ರು. ಬಾಗಿಲಲ್ಲಿ ಇಬ್ಬರು ಗಿರಾಕಿ ನಿಂತಿದ್ರು. ಅವರ ಮುಖಕ್ಕೇ ಎಳೆದೆ.

ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿದ್ದಷ್ಟೇ. ಅವನನ್ನ ನೇರ ಒಳಗಿನ ಕೋಣೆಗೆ ಎತ್ಕೊಂಡು ಹೋದ್ರು. ಆಮೇಲೆ ಬಂದು ಹೇಳಿದ್ರು, ಉಚ್ಚೆ ಹೋಗೋ ದಾರಿ ಪೂರ್ತಿ ಕಟ್ಟಿದೆ. ಮೂತ್ರಚೀಲ ಕಿತ್ತಳೆಹಣ್ಣಿನಷ್ಟು ದಪ್ಪ ಆಗಿ ಕಲ್ಲಿನ ಹಾಗೆ ಗಟ್ಟಿಯಾಗಿದೆ. ಹೊರಗೆ ಹೋಗಬೇಕಾದ ವಿಷ ರಕ್ತಕ್ಕೆ ಸೇರ್ತಿದೆ, ಹೃದಯದ ಬಡಿತ ಆಗಲೇ ತಪ್ತಿದೆ. ‘ನಾಳೆ ತಂದಿದ್ರೆ ನನ್ನ ಹತ್ರ ತರೋ ಅಗತ್ಯ ಇರ್ತಿರ್ಲಿಲ್ಲ’ ಅಂದ್ರು.

ಅಕ್ಕಾ, ನಾಳೆಗೆ ನಾನು ಪಾರ್ಟ್ ತ್ರೀ ಪ್ಲಾನ್ ಮಾಡಿದ್ದೆ.

ನನ್ನ ಫೋನ್ ಜೇಬಲ್ಲಿ ಗುರ್ ಗುರ್ ಅಂತಾನೇ ಇತ್ತು. ಒಳಗೆ ಅವನಿಗೆ ಮತ್ತು ಬರೋ ಇಂಜೆಕ್ಷನ್ ಕೊಟ್ಟು ಕೂದಲೆಳೆಯಂಥ ಕೊಳವೆ ಹಾಕ್ತಿದ್ರು, ಹೊರಗೆ ಜನ ನಗ್ತಾನೇ ಇದ್ರು.

ಅಳಿಸಿದೀನಿ. ಎರಡೂ ಅಳಿಸಿದೀನಿ.

ಪ


ಮಾರ್ಚ್ 12

ಅಕ್ಕಾ,

ಮನೆಗೆ ಬಂದ! ಮುಂಗಾಲಲ್ಲಿ ಡ್ರಿಪ್ ಹಾಕಿದ್ದ ಕಡೆ ಕೂದಲು ಬೋಳಿಸಿದ್ದಾರೆ, ನೆಕ್ಕಿಕೊಳ್ಳದ ಹಾಗೆ ಕುತ್ತಿಗೇಲಿ ಲಾಟೀನಿನಂಥ ಪ್ಲಾಸ್ಟಿಕ್ ಪಟ್ಟಿ. ಕೊಳವೆ ತೆಗೆದ ಮೇಲೆ ಅವನೇ ತಾನಾಗಿ ಒಂದು ಸಲ ಉಚ್ಚೆ ಹೊಯ್ಯಲಿ ಅಂತ ಕಾದು, ಹೊಯ್ದ ಮೇಲೇ ಕಳಿಸಿದ್ರು. ಆಸ್ಪತ್ರೆ ಪಂಜರದಲ್ಲಿ ಅವನು ಹೊಯ್ದಾಗ ನಾನೂ ಅಪ್ಪನೂ ಯಾವುದೋ ಮ್ಯಾಚ್ ಗೆದ್ದೋರ ಥರ ಒಬ್ಬರನ್ನೊಬ್ಬರು ನೋಡಿ... ಅಪ್ಪನ ವಿಷಯ ಬರೀಬಾರದು ಅಂತ ನೀನು ಅಂದಿದ್ದೆ. ಸಾರಿ, ಈ ಕಾಗದದಲ್ಲೂ ಅವರಿಲ್ಲದೆ ಆಗಲ್ಲ.

ಮೊದಲು ಡಾಕ್ಟರಮ್ಮ. ಒಂದು ಮಾತಿಗೆ ಎರಡು ಮಾತಾಡಲ್ಲ. ನಾನು, ‘ಯೂರಿನ್ ಇನ್ಫೆಕ್ಷನ್ ಅಲ್ವಾ ಡಾಕ್ಟರ್? ನಮ್ಮಪ್ಪನ ಹಲ್ಲುನೋವಿನ ಆ್ಯಂಟಿಬಯೋಟಿಕ್ ಮನೇಲಿ ಉಳಿದಿದೆ’ ಅಂದೆ. ಅವರು ಪೆನ್ನು ಕೆಳಗಿಟ್ರು.

‘ಅಪ್ಪಿತಪ್ಪಿ ಕೊಟ್ಟೀಯ! ಉಚ್ಚೆ ತೊಂದರೆ ಇರೋ ಬೆಕ್ಕಿಗೆಲ್ಲ ಇನ್ಫೆಕ್ಷನ್ನೇ ಇರಬೇಕಂತಿಲ್ಲ. ಇವನ ವಯಸ್ಸಿನ ಗಂಡು ಬೆಕ್ಕಿಗೆ ಹೆಚ್ಚಾಗಿ ಉರಿಯೂತ, ಜೊತೆಗೆ ಮರಳಿನಂಥ ಹರಳು. ಎರಡೂ ಸೇರಿ ಬಿರಡೆ ಹಾಕಿದ ಹಾಗೆ ಕಟ್ಕೊಳ್ಳುತ್ತೆ. ಉಚ್ಚೆ ಪರೀಕ್ಷೆ ಮಾಡಿ, ಯಾವ ಕ್ರಿಮಿ ಅಂತ ನೋಡಿ, ಆಮೇಲೆ ಔಷಧ.’

ಮೊದಲ ಪರೀಕ್ಷೇಲಿ ಕ್ರಿಮಿ ಇರ್ಲಿಲ್ಲ. ಕೊಳವೆ ತೆಗೆದ ಮೇಲೆ ಮಾಡಿದ್ದರಲ್ಲಿ ಇತ್ತು. ಕೊಳವೆ ಹಾಕಿದಾಗ ಹಾಗೆ ಆಗೋದುಂಟಂತೆ. ಅದಕ್ಕೆ ತಕ್ಕ ಮಾತ್ರೆ ಕೊಟ್ಟಿದ್ದಾರೆ. ಅವನು ಹುಷಾರಾಗಿ ಕಂಡ್ರೂ ಮಧ್ಯದಲ್ಲಿ ನಿಲ್ಲಿಸೋ ಹಾಗಿಲ್ಲ. ಅವನ ಸುದ್ದಿ ಹಾಕಿದ ಮೇಲೆ ನನ್ನ ಅಭಿಮಾನಿ ಬಳಗದವರು ಕೊಟ್ಟ ಸಲಹೆಗಳನ್ನೂ ತೋರಿಸಿದೆ. ವಿನೆಗರ್ ಹಾಕು, ನಿಂಬೆರಸ ಕುಡಿಸು, ಮೈಕೈ ನೋವಿಗೆ ಪ್ಯಾರಾಸಿಟಮಾಲ್ ಅರ್ಧ ಕೊಡು. ಕೊನೇದನ್ನ ಓದಿ ಡಾಕ್ಟರಮ್ಮ ಕಣ್ಣುಮುಚ್ಚಿಕೊಂಡ್ರು. ‘ಆ ಅರ್ಧ ಮಾತ್ರೆ ಸಾಕು ಬೆಕ್ಕಿನ ಪ್ರಾಣ ತೆಗೆಯೋಕೆ’ ಅಂದ್ರು. ಆ ಕಾಮೆಂಟಿಗೆ ನಾನು ಹಾರ್ಟ್ ಒತ್ತಿದ್ದೆ, ಅಕ್ಕಾ. ಸರಿಯಾಗಿ ಹೇಳಿದ ಒಬ್ಬರನ್ನ ಮಾತ್ರ ಬ್ಲಾಕ್ ಮಾಡಿದ್ದೆ.

ಆಮೇಲೆ ಪ್ರಶ್ನೆಗಳು. ಏನು ತಿಂತಾನೆ? ಬರೀ ಒಣ ಕಾಳು. ಎಷ್ಟು ಓಡಾಡ್ತಾನೆ? ಬಿಸಿ ಬಟ್ಟೆಯಿಂದ ಬಿಸಿ ಬಟ್ಟೆಗೆ. ಟ್ರೇ ಎಲ್ಲಿದೆ? ಹಿಂಡೋ ಮೆಷಿನ್ ಪಕ್ಕ. ‘ಅದು ಗಡಗಡ ಅಂತ ಅಲುಗಾಡೋವಾಗ ನೀವಾದ್ರೂ ಪಕ್ಕದಲ್ಲಿ ನೆಮ್ಮದಿಯಾಗಿ ಕೂರ್ತೀರಾ?’ ಅಂದ್ರು. ನಂಗೆ ನಗು ಬಂತು, ಆಮೇಲೆ ನಾಚಿಕೆ ಆಯ್ತು.

ಕೊನೆಗೆ ಕೇಳಿದ್ರು, ‘ಮನೇಲಿ ಇತ್ತೀಚೆಗೆ ಏನಾದ್ರೂ ಬದಲಾಯ್ತಾ? ಯಾರಾದ್ರೂ ಬಂದ್ರಾ, ಹೋದ್ರಾ? ಬೆಕ್ಕುಗಳಿಗೆ ಕೊರಗಿದ್ರೂ ಇದು ಬರುತ್ತೆ.’

ಅಪ್ಪ ಗೋಡೆ ಮೇಲಿದ್ದ ನಾಯಿ ಹಲ್ಲಿನ ಚಿತ್ರ ನೋಡ್ತಾ ‘ಇಲ್ಲ’ ಅಂದ್ರು. ಡಾಕ್ಟರಮ್ಮ ಬರ್ಕೊಳ್ಳೋಕೆ ಹೋದ್ರು. ಆಗ ಅಪ್ಪ ನಿಧಾನಕ್ಕೆ, ‘ಅವನಿಗೆ ನಲ್ಲಿ ಬಿಡೋರು ಇದ್ರು. ಹೋದ್ರು’ ಅಂದ್ರು.

ಅವರಿಗೆ ಗೊತ್ತಿತ್ತಾ? ನೀನು ನಲ್ಲಿ ಬಿಡ್ತಿದ್ದಿದ್ದು ನಂಗೇ ನೀನು ಬರೆದ ಮೇಲೆ ಗೊತ್ತಾಗಿದ್ದು.

ಈಗ ನಮ್ಮನೆ ಹೇಗಿದೆ ಗೊತ್ತಾ? ಕಾಳಿನ ಬದಲು ಡಾಕ್ಟರಮ್ಮ ಹೇಳಿದ ಮೆತ್ತನೆಯ ಒದ್ದೆ ಆಹಾರ, ಅದಕ್ಕೂ ನೀರು ಕಲಸಿ. ನೀರಿನ ಬಟ್ಟಲು ಮೂಲೆಗೊಂದು, ಊಟದ ತಟ್ಟೆಯಿಂದ ದೂರ. ಟ್ರೇ ಒಂದಲ್ಲ, ಎರಡು, ಸದ್ದಿಲ್ಲದ ಹಿಂದಿನ ಕೋಣೇಲಿ. ಬೆಳಿಗ್ಗೆ ಎದ್ದ ತಕ್ಷಣ ಅಪ್ಪ ಕನ್ನಡಕ ಹಾಕ್ಕೊಂಡು ಟ್ರೇ ಮುಂದೆ ಕುಕ್ಕರುಗಾಲಲ್ಲಿ ಕೂತು ಉಚ್ಚೇಲಿ ನೆಂದ ಮರಳಿನ ಗಡ್ಡೆ ನೋಡ್ತಾರೆ. ‘ಇದು ದಪ್ಪಗಿದೆ, ಒಳ್ಳೇದು’ ಅಂತ ನಂಗೆ ವರದಿ. ಕೌಂಟರ್ ಮೇಲೆ ಬೋರ್ಡು, ‘ಮ್ಯಾನೇಜರ್ ರಜೆಯಲ್ಲಿದ್ದಾರೆ’. ಬರೆದಿದ್ದು ನಾನಲ್ಲ!

ಮತ್ತೆ ಆ ಹಾಸು. ಅಪ್ಪನ್ನ ಕೇಳಿದೆ, ಕಲೆ ನೋಡಿ ಹೇಗೆ ಗೊತ್ತಾಯ್ತು ಅಂತ. ‘ಬಣ್ಣ ಆಗಿದ್ರೆ ಬಿಸಿನೀರಲ್ಲಿ ಹರಡಿ ತೆಳುವಾಗ್ತಿತ್ತು. ಇದು ಕಂದಾಗಿ ಕಚ್ಕೊಂಡ್ತು. ಬಿಸಿ ತಾಗಿದ್ರೆ ಹಾಗೆ ಕೂರೋದು ರಕ್ತ. ಅಂಗಡೀಲಿ ಮೊದಲ ದಿನ ಕಲಿಸೋ ಪಾಠ ಅದು’ ಅಂದ್ರು. ಆ ಹಾಸಿನ ಮೇಲೆ ಅವನು ರಕ್ತ ಬಿಡ್ತಿದ್ದ, ಒಬ್ಬರು ಒಗೆದ್ವಿ, ಒಬ್ಬರು ಡೋಲು ಬಾರಿಸಿದ್ವಿ.

ಪೇಜು ಮುಚ್ಚಿಬಿಡ್ಲಾ?

ನಿನ್ನ,
ಪಟಾಕಿ (ನೆಂದಿದೆ)


ಮಾರ್ಚ್ 18

ಪಟಾಕಿ,

ಮೊದಲು ಅಳೋದು ನಿಲ್ಲಿಸು. ಕಾಗದದಲ್ಲಿ ಶಾಯಿ ಕದಡಿದೆ. ಕಣ್ಣೀರಿನ ಕಲೆ ನಂಗೂ ಗೊತ್ತಾಗುತ್ತೆ.

ಪೇಜು ಮುಚ್ಚಬೇಡ. ನಕ್ಕ ಜನಾನೇ ಇದನ್ನ ಓದಬೇಕು. ಗಂಡು ಬೆಕ್ಕು ಪದೇ ಪದೇ ಕೂತು, ಏನೂ ಬರದೆ ಎದ್ರೆ, ಕೂಗಿದ್ರೆ, ಬುಡ ನೆಕ್ಕಿಕೊಳ್ತಾನೇ ಇದ್ರೆ, ಊಟ ಬಿಟ್ರೆ, ಬೆಳಿಗ್ಗೆ ನೋಡೋಣ ಅನ್ನೋ ಹಾಗಿಲ್ಲ ಅಂತ ಬರಿ. ನಿನ್ನ ಭಾಷೇಲೇ ಬರಿ, ನಿನ್ನ ಭಾಷೆ ಜನಕ್ಕೆ ಇಷ್ಟ.

ಇದು ಒಂದು ಸಲ ಬಂದ್ರೆ ಮತ್ತೆ ಬರಬಹುದು. ಮೊದಲ ಕೆಲವು ವಾರ ಕಣ್ಣಿಡು. ಹಳದಿ ಟಬ್ಬಲ್ಲಿ ಕೂತಾಗ ಅವನ ಬಾಲದ ತುದಿ ನಡುಗ್ತಿತ್ತಲ್ಲ, ಹಾಗೆ ನಡುಗಿದ್ರೆ ಅದೇ ನೋವು. ಕಾಯಬೇಡ. ನಲ್ಲಿ ಬಿಡೋದು ಬೆಳಿಗ್ಗೆ ಅಂಗಡಿ ತೆಗೆಯೋ ಮುಂಚೆ, ಮೆಷಿನ್ ಸದ್ದು ಶುರುವಾಗೋಕೆ ಮುಂಚೆ. ದಾರದಷ್ಟು ಸಣ್ಣಗೆ.

ಅಪ್ಪನ ಗಂಟಲು ಅಷ್ಟು ಕಟ್ಟಿದೆ, ಹಬೆಯ ಮುಂದೆ ನಿಲ್ಲೋದು ಬೇಡ ಅನ್ನು. ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸಲಿ. ನಾನು ಹೇಳಿದೆ ಅಂತ ಹೇಳಬೇಡ.

ಅಕ್ಕ


ಮಾರ್ಚ್ 25

ಅಕ್ಕಾ,

ನಿನ್ನ ಕಾಗದ ಇಸ್ತ್ರಿ ಟೇಬಲ್ ಕೆಳಗೆ ಕೂತು ಓದ್ತಿದ್ದೆ. ಒಂದು ಕಡೆ ತಲೆ ಎಷ್ಟು ಜೋರಾಗಿ ಎತ್ತಿದೆ ಅಂದ್ರೆ ಟೇಬಲ್‌ಗೆ ಢಮಾರ್ ಅಂತ ಬಡೀತು. ಇನ್ನೂ ಬುಗುಟಿದೆ. ಅದಕ್ಕೆ ಕಾರಣ ನೀನು.

ಹಳದಿ ಟಬ್ಬು.

ನೀನು ಹೋದಾಗ ಇದ್ದಿದ್ದು ನೀಲಿ ಟಬ್ಬು. ಅದು ಒಡೆದು ಹಳದಿ ತಂದಿದ್ದು ಹೋದ ತಿಂಗಳ ಕೊನೇಲಿ. ನಾನು ಬರೆದ ಎಲ್ಲಾ ಕಾಗದ ನೆನಪು ಮಾಡ್ಕೊಂಡೆ, ಟಬ್ಬಿನ ಬಣ್ಣ ಎಲ್ಲೂ ಬರೆದಿಲ್ಲ. ಬಾಲದ ತುದಿ ನಡುಗಿದ್ದು ನಂಗೇ ಗೊತ್ತಿರ್ಲಿಲ್ಲ. ಹಳದಿ ಟಬ್ಬು ಇದ್ದಿದ್ದು ಪಾರ್ಟ್ ಟೂನಲ್ಲಿ ಮಾತ್ರ. ಅದನ್ನ ನಾನು ಆವತ್ತೇ ಅಳಿಸಿದೆ. ಅಂದ್ರೆ ಅದು ಇದ್ದ ಅಷ್ಟೇ ಹೊತ್ತಲ್ಲಿ ನೀನು ನೋಡಿದೀಯ.

ನಾನು ಬ್ಲಾಕ್ ಲಿಸ್ಟ್ ತೆಗೆದೆ. ಅದರಲ್ಲಿ ಇರೋದು ಒಂದೇ ಹೆಸರು. ಬಿಳಿ ಮೋಡ. ತೆರೆದು ನೋಡಿದೆ, ಆ ಖಾತೆ ಶುರುವಾಗಿದ್ದು ಫೆಬ್ರವರೀಲಿ, ನನ್ನ ಮೊದಲ ಕಾಗದ ನಿಂಗೆ ತಲುಪಿದ ಹೊತ್ತಿಗೆ. ಅದು ಫಾಲೋ ಮಾಡ್ತಿರೋದು ಜಗತ್ತಲ್ಲಿ ಒಬ್ಬನೇ ಒಬ್ಬನನ್ನ. ನಮ್ಮ ಮ್ಯಾನೇಜರ್‌ನ.

ನಿಜ ಹೇಳಿದ್ದಕ್ಕೆ ಮನೆ ಬಿಟ್ಟು ಹೋಗಿದ್ದೆ ನೀನು. ಸುಳ್ಳು ಹೆಸರಲ್ಲಿ ಕಳ್ಳಿ ಹಾಗೆ ಬಂದು ಮತ್ತೆ ನಿಜಾನೇ ಹೇಳಿದೆ. ನಾನು ನಿನ್ನನ್ನ ಎರಡನೇ ಸಲ ಹೊರಗೆ ಹಾಕಿದೆ. ಹಾಕಿ, ಬಾಗಿಲು ಆ ಕಡೆ ಅಂದೆ. ಅಕ್ಕಾ, ಅದನ್ನ ಆವತ್ತೇ ಪೇಜಲ್ಲಿ ಓದಿದ್ಯಾ? ಓದಿಲ್ಲ ಅಂತ ಸುಳ್ಳು ಹೇಳೇ, ಪ್ಲೀಸ್. ಒಂದೇ ಸಲ.

ಇಷ್ಟಕ್ಕೇ ನಾನು ಅರ್ಧ ಸತ್ತಿದ್ದೆ. ಆಮೇಲೆ ಕೊನೇ ಸಾಲುಗಳಿಗೆ ಬಂದೆ.

ಅಪ್ಪನ ಗಂಟಲು.

ಅದನ್ನ ನಾನು ಬರೆದಿಲ್ಲ. ಅದು ಯಾವ ವಿಡಿಯೋದಲ್ಲೂ ಇಲ್ಲ, ಅಪ್ಪ ಕ್ಯಾಮೆರಾ ಕಂಡ್ರೆ ಹಿಂದಿನ ಬಾಗಿಲಿಂದ ಓಡಿಹೋಗ್ತಾರೆ. ಟೈಲರಣ್ಣನ್ನ ಹಿಡಿದು ಕೇಳಿದೆ, ಅವನೂ ಹೇಳಿಲ್ಲ. ಅಪ್ಪನ ಗಂಟಲು ಕಟ್ಟಿದ್ದು ಮ್ಯಾನೇಜರ್ ಆಸ್ಪತ್ರೆ ಸೇರಿದ ವಾರ, ಇನ್ನೂ ಬಿಟ್ಟಿಲ್ಲ. ಕಟ್ಟಿದೆ ಅಂತ ಗೊತ್ತಾಗಬೇಕಂದ್ರೆ ಅವರ ದನಿ ಕೇಳಬೇಕು. ಫೋನಲ್ಲಿ.

ಅಪ್ಪನ ಹತ್ರ ಹೋದೆ. ಅವರು ಪ್ಯಾಂಟಿನ ಗೆರೆ ಕೂರಿಸ್ತಿದ್ರು.

‘ಅಪ್ಪ, ಆವತ್ತು ಫೋನ್ ಮಾಡಿದ್ದು ಯಾರು?’

‘ಯಾವತ್ತು?’

‘ಶರ್ಟೆಲ್ಲ ನೆಲಕ್ಕೆ ಸುರಿದ್ರಲ್ಲ, ಆವತ್ತು.’

‘ರಾಂಗ್ ನಂಬರ್.’

‘ಟೀ ಆರಿ ಕೆನೆ ಕಟ್ಟೋವರೆಗೂ ರಾಂಗ್ ನಂಬರಾ?’

ಗೆರೆ ಸೊಟ್ಟ ಆಯ್ತು. ಅಪ್ಪನ ಇಸ್ತ್ರೀಲಿ ಗೆರೆ ಸೊಟ್ಟ! ನಾನು ಹುಟ್ಟಿದಾಗಿನಿಂದ ನೋಡಿಲ್ಲ. ಅವರು ಪ್ಯಾಂಟ್ ಕೊಡವಿ ಮತ್ತೆ ಹಾಸಿ, ನನ್ನ ಮುಖ ನೋಡದೆ ಹೇಳಿದ್ರು.

‘ಮೊದಲನೇ ಮಾತೇ ಕಲೆ ಬಿಸಿನೀರಲ್ಲಿ ಯಾವ ಬಣ್ಣಕ್ಕೆ ತಿರುಗಿತು ಅಂತ ಕೇಳಿದ್ಳು. ಕಂದು ಅಂದೆ. ಆಮೇಲೆ, ಅದು ಬಣ್ಣ ಅಲ್ಲಪ್ಪ ಅಂದ್ಳು.’

‘ಮತ್ತೆ?’

‘ಮತ್ತೆ ಏನು? ಬೆಕ್ಕಿನ ವಿಷಯ ಅಷ್ಟೇ. ಎಲ್ಲಿ ಕೂರ್ತಾನೆ, ಎಷ್ಟು ಕುಡೀತಾನೆ, ನಲ್ಲಿ ಯಾಕೆ ಬಿಡಲ್ಲ. ನನ್ನ ಕೆಲಸಕ್ಕಿಂತ ಚೆನ್ನಾಗಿ ಮಾಡ್ತಾಳೆ ಬೈಯೋ ಕೆಲಸ.’

‘ನೀವು ಯಾಕೆ ನಂಗೆ ಹೇಳ್ಲಿಲ್ಲ?’

‘ಹೇಳಬೇಡಿ ಅಂದಿದ್ಳು.’

ನೀವಿಬ್ಬರೂ! ನಿಮ್ಮಿಬ್ಬರ ಮಧ್ಯೆ ನಾನು ಪೋಸ್ಟ್‌ಮ್ಯಾನ್ ಹಾಗೆ ಓಡಾಡ್ತಿದ್ದೆ, ಬೆಕ್ಕಿನ ವಿಷಯ ಬರಿ, ಅಪ್ಪನ ವಿಷಯ ಬರೀಬೇಡ ಅಂತ ನಂಗೆ ರೂಲ್ಸು ಬೇರೆ. ನೀವು ನೋಡಿದ್ರೆ ಫೋನಲ್ಲಿ!

ಇನ್ನೂ ಒಂದು ಕೇಳು, ಇದನ್ನ ಕೂತ್ಕೊಂಡು ಓದು. ನಿನ್ನೆ ಹೋಟೆಲಿನ ಮೇಲ್ವಿಚಾರಕಿ ಬಂದಿದ್ರು. ಕಲೆ ಇದ್ದ ಹಾಸು ನೋಡಿ, ‘ಇದು ನಮ್ಮ ರೂಮಿಂದಲೇ ಹೀಗೆ ಬಂತಾ?’ ಅಂತ ಅವರೇ ದಾರಿ ಮಾಡ್ಕೊಟ್ರು. ಹೌದು ಅಂದಿದ್ರೆ ಮುಗೀತಿತ್ತು. ಅಪ್ಪ ಗಂಟಲು ಸರಿಮಾಡಿಕೊಂಡು, ‘ಇಲ್ಲಮ್ಮ. ನಮ್ಮ ಬೆಕ್ಕಿನ ಕಲೆ. ನಾನೇ ತಪ್ಪು ತಿಳ್ಕೊಂಡು ಬಿಸಿನೀರು ಹಾಕಿ ಕೂರಿಸಿಬಿಟ್ಟೆ. ಹೊಸದು ಕೊಡ್ತೀನಿ’ ಅಂದ್ರು. ಆ ಹೆಂಗಸು ತಿರುಗಿ ನನ್ನ ಮುಖ ನೋಡಿದ್ರು, ನಿಮ್ಮಪ್ಪ ಹುಷಾರಾಗಿದ್ದಾರಾ ಅನ್ನೋ ಹಾಗೆ. ನಾನು ಏನು ಹೇಳ್ಲಿ? ನನ್ನ ಕೈಲಿದ್ದ ಹ್ಯಾಂಗರ್‌ಗಳು ಮತ್ತೆ ನೆಲದ ಮೇಲಿದ್ವು.

ಮ್ಯಾನೇಜರ್ ಚೆನ್ನಾಗಿದ್ದಾನೆ. ಮೂರನೇ ಪರೀಕ್ಷೆ ಆಯ್ತು, ಕ್ರಿಮಿ ಇಲ್ಲ. ಸ್ವಲ್ಪ ತೆಳ್ಳಗಾಗಿದ್ದಾನೆ, ದಾರದುಂಡೆ ಹಿಂದೆ ಓಡ್ತಾನೆ. ನೀನು ಹೇಳಿದ್ದನ್ನ ಪೇಜಲ್ಲಿ ಬರೆದೆ. ನಗು ಮುಖಗಳು ತುಂಬ ಕಡಿಮೆ ಬಂದ್ವು. ಆದ್ರೆ ಒಬ್ಬ ಬಸ್ ಡ್ರೈವರ್ ಅಂತೆ, ಅದನ್ನ ಓದಿ ತನ್ನ ಬೆಕ್ಕನ್ನ ಅದೇ ಗಳಿಗೆ ಎತ್ಕೊಂಡು ಓಡಿದ್ನಂತೆ. ಉಳೀತು ಅಂತ ಬರೆದಿದ್ದಾನೆ. ಅದನ್ನ ಅಪ್ಪನಿಗೆ ಓದಿ ಹೇಳಿದೆ. ‘ಅವಳಿಗೆ ಬರಿ’ ಅಂದ್ರು. ನಿನ್ನ ಹೆಸರು ಎತ್ತಿಲ್ಲ, ಆದ್ರೆ ‘ಅವಳಿಗೆ’ ಅಂದ್ರು!

ಬಿಳಿ ಮೋಡದ ಮೇಲಿದ್ದ ಬ್ಲಾಕ್ ತೆಗೆದಿದೀನಿ. ನಿನ್ನ ಸರದಿ.

ಇಂತಿ ಎರಡೂ ಕಡೆ ಅಭಿಮಾನಿ,
ಪಟಾಕಿ

ತಾ.ಕ.: ಅಪ್ಪ ಈಗ ಬೆಳಿಗ್ಗೆ ಅಂಗಡಿ ತೆಗೆಯೋ ಮುಂಚೆ ತಾವೇ ನಲ್ಲಿ ಬಿಡ್ತಾರೆ, ದಾರದಷ್ಟು ಸಣ್ಣಗೆ. ಮ್ಯಾನೇಜರ್ ಕುಡಿದು ಮುಗಿಸೋವರೆಗೂ ಒಂದು ಸ್ಟೂಲ್ ಹಾಕ್ಕೊಂಡು ಕೂರ್ತಾರೆ. ಆ ಸ್ಟೂಲ್ ತೊಟ್ಟಿ ಹತ್ರ ಇಲ್ಲ, ಅಂಗಡಿ ಫೋನ್ ಪಕ್ಕ ಇದೆ. ಬೆಕ್ಕಿನ ಉಚ್ಚೆ ಬಗ್ಗೆ ಟೀ ಆರೋವಷ್ಟು ಹೊತ್ತು ಮಾತಾಡಿದೋಳು ನೀನು. ಇನ್ನೊಂದು ಸಲ ಆ ರಾಂಗ್ ನಂಬರ್ ಒತ್ತೋ ಧೈರ್ಯ ಇದೆಯಾ ನಿಂಗೆ?